ಇರುವೆಗೆ ದಾರಿ ಬಿಟ್ಟ ಮನೆ

ಆಗಸ್ಟ್ 3, ಭಾನುವಾರ

ಸಿಮೆಂಟ್ ಕಂಪನಿಯವರು ಮಗನ ಅಂಗಡಿಗೆ ಕೊಟ್ಟ ಡೈರಿ ಇದು. ಹೊಸ ವರ್ಷಕ್ಕೆ ಬಂದದ್ದು, ಇಷ್ಟು ದಿನ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ನಿವೃತ್ತಿಯಾದ ಮೇಲೆ ನನಗೆ ಬೈಯಲು ಮಕ್ಕಳಿಲ್ಲ, ವಿಸಲ್ ಮೊಳೆಯಲ್ಲಿ ನೇತಾಡುತ್ತಿದೆ. ಜೀವಮಾನವಿಡೀ ಪಿ.ಟಿ. ಟೀಚರಾಗಿದ್ದವಳ ಬಾಯಿ ಸುಮ್ಮನಿರುವುದಾದರೂ ಹೇಗೆ? ಕಾಗದದ ಮೇಲಾದರೂ ಬೈಯೋಣ ಎಂದು ಪೆನ್ನು ಹಿಡಿದಿದ್ದೇನೆ.

ಮೊದಲ ಬೈಗುಳ ಸೊಸೆಗೇ ಇರಲಿ. ಬಚ್ಚಲಲ್ಲಿ ಜಾರಿ ಬಿದ್ದಳಂತೆ. ಗಂಡ ಟೈಲ್ಸ್ ಮಾರುವವನು, ಜಾರದ ಟೈಲ್ಸನ್ನೇ ಆರಿಸಿ ತಂದು ಹಾಕಿಸಿದ್ದಾನೆ. ಅದರ ಮೇಲೂ ಬೀಳುವವಳಿಗೆ ಏನು ಹೇಳುವುದು? ಕಣ್ಣಿನ ಕೆಳಗೆ ನೇರಳೆಹಣ್ಣಿನ ಬಣ್ಣ. ಹಿಂದಿನ ಸಲ ಬಾಗಿಲು ತಾಗಿತ್ತು, ಅದರ ಹಿಂದಿನ ಸಲ ಕಪಾಟಿನ ಮೂಲೆ.

"ನೋಡಿ ನಡಿಯಬಾರದಾ? ಕಣ್ಣು ಎಲ್ಲಿರ್ತದೆ ನಿನ್ನದು?" ಎಂದೆ.

"ಹೌದು ಮಾಮಿ, ನನ್ನದೇ ತಪ್ಪು" ಎಂದಳು. ಮುಂಡಾಜೆಯವರ ಮಗಳು, ಮಾತಿಗೆ ಮಾತು ಕೊಡುವವಳಲ್ಲ. ಅದೊಂದು ಒಳ್ಳೆಯ ಗುಣ. ಮೊಮ್ಮಗಳು ಮೈನಾ ಅಮ್ಮನ ಸೆರಗು ಹಿಡಿದುಕೊಂಡು ನಿಂತಿದ್ದಳು. ಒಂದನೇ ಕ್ಲಾಸಿನ ಹುಡುಗಿ, ಇನ್ನೂ ಬೆರಳು ಚೀಪುತ್ತಾಳೆ. ಅದನ್ನೂ ಬಿಡಿಸಬೇಕು.

ಆಗಸ್ಟ್ 6, ಬುಧವಾರ

ಇಂದು ಬೆಳಿಗ್ಗೆ ನೀರು ಸೋಸುವ ಕೆಲಸ ನನ್ನ ಪಾಲಿಗೆ ಬಂತು. ಸೊಸೆಗೆ ಕೊಡಪಾನ ಎತ್ತಲು ಆಗಲಿಲ್ಲ, ಭುಜ ನೋವಂತೆ. ನಮ್ಮದು ಮೂಡುಬಿದಿರೆಯ ಹಳೆಯ ಜೈನರ ಮನೆ. ಬಾವಿಯ ನೀರನ್ನು ಮಡಚಿದ ಬಟ್ಟೆಯಲ್ಲಿ ಸೋಸದೆ ಬಳಸಿದ್ದಿಲ್ಲ. ಸೋಸಿದರೆ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಿಗಳನ್ನು ಪುನಃ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ಸಾಯುತ್ತವೆ. ಬಾಲ್ದಿಯನ್ನು ನೀರಿನವರೆಗೆ ಇಳಿಸಿ ಅಲ್ಲಿ ಮಗುಚಬೇಕು. ನನಗೆ ಇದನ್ನು ಕಲಿಸಿದ್ದು ಅಪ್ಪಯ್ಯ.

ಅಪ್ಪಯ್ಯ ಜಯವರ್ಮ ಎಂದರೆ ಬೀದಿಯೇ ನಡುಗುತ್ತಿತ್ತು. ಅಳದಂಗಡಿಯಲ್ಲಿ ಹುಟ್ಟಿ, ಮದುವೆಯಾದ ಮೇಲೆ ಅಮ್ಮನ ಈ ಮನೆಯಲ್ಲೇ ನಿಂತವರು. ಅಳಿಯಸಂತಾನದ ಮನೆ ಇದು, ಹೆಣ್ಣುಮಕ್ಕಳಿಂದ ಹೆಣ್ಣುಮಕ್ಕಳಿಗೆ ಬಂದದ್ದು. ಅಜ್ಜಿಯದ್ದು ಅಮ್ಮನಿಗೆ, ಅಮ್ಮನದ್ದು ನನಗೆ. ಆದರೆ ಅವರ ಕೆರದ ಸದ್ದು ಜಗಲಿಯಲ್ಲಿ ಕೇಳಿದ ಕೂಡಲೇ ಮನೆಯ ಹೆಂಗಸರೆಲ್ಲ ಪತ್ತಾಯದ ಹಿಂದೆ ಸೇರುತ್ತಿದ್ದರು. ಭತ್ತ ತುಂಬುವ ಆ ದೊಡ್ಡ ಪೆಟ್ಟಿಗೆಯ ಹಿಂದೆ ನನಗೂ ಒಂದು ಜಾಗವಿತ್ತು.

ಅಂಥವರು ಅಂಗಳದಲ್ಲಿ ಇರುವೆ ಸಾಲು ಕಂಡರೆ ನಿಂತುಬಿಡುತ್ತಿದ್ದರು. ಸುತ್ತು ಹಾಕಿಯೇ ಬರುತ್ತಿದ್ದರು. ಬಸದಿಯ ಪುರೋಹಿತರು ನಮಗೆಲ್ಲ ಅವರನ್ನೇ ತೋರಿಸಿ, "ಅಹಿಂಸೆ ಎಂದರೆ ಇವರ ಹಾಗೆ" ಎನ್ನುತ್ತಿದ್ದರು. ಗಂಡಸೆಂದರೆ ಹಾಗಿರಬೇಕು. ನನ್ನ ಗಂಡ ಪೋಸ್ಟ್ ಮಾಸ್ಟರಾಗಿದ್ದವರು, ಸಾಯುವ ತನಕ ಯಾರಿಗೂ ಸ್ವರ ಏರಿಸಿದವರಲ್ಲ. ಹಾಗಾಗಿ ನಾನು ಅವರನ್ನು ಗಂಡಸರ ಲೆಕ್ಕಕ್ಕೇ ಸೇರಿಸಿರಲಿಲ್ಲ.

ಮಗ ಶ್ರೇಯಾಂಸ್ ಅಜ್ಜನ ಹಾಗೆಯೇ. ಅದೇ ಹಣೆ, ಅದೇ ನಡಿಗೆ.

ಆಗಸ್ಟ್ 10, ಭಾನುವಾರ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಗಾದೆ ಕಟ್ಟಿದವರು ಜೈನರಲ್ಲ ಎಂದು ಕಾಣುತ್ತದೆ. ನಮ್ಮದು ಸೂರ್ಯ ಮುಳುಗುವ ಮೊದಲೇ ಊಟ. ಉಂಡ ಮೇಲೆ ಮಲಗುವ ತನಕ ತುಂಬಾ ಹೊತ್ತು ಉಂಟು.

ಇಂದು ಊಟದ ಹೊತ್ತಿಗೆ ಮಗನ ಕೈ ಅವಳ ಕೆನ್ನೆಗೆ ತಾಗಿತು. ಸಾರು ಆರಿತ್ತು, ಅದಕ್ಕೆ. ಅವನಿಗೂ ತಲೆಬಿಸಿ. ಪುಂಜಾಲಕಟ್ಟೆಯಲ್ಲಿ ಹೊಸ ಗೋಡೌನ್ ಮಾಡಿದ್ದಾನೆ, ಅಲ್ಲಿಗೂ ಇಲ್ಲಿಗೂ ಓಡಬೇಕು. ಹೊರಗೆ ದುಡಿಯುವವನಿಗೆ ಮನೆಯಲ್ಲಿ ಬಿಸಿ ಸಾರು ಸಿಗಬಾರದೇ?

ತಾಗಿದ ರಭಸಕ್ಕೆ ಅವಳ ಕಿವಿಯೋಲೆ ಹಾರಿ ನನ್ನ ಬಟ್ಟಲಿಗೆ ಬಿತ್ತು. ನಾನು ಅದನ್ನು ತೊಳೆದು, ಒರೆಸಿ, ಅವಳ ಕೈಗೆ ಕೊಟ್ಟೆ. ಮೈನಾ ಅನ್ನದ ಅಗುಳುಗಳನ್ನು ಬಟ್ಟಲಿನ ಸುತ್ತ ಸಾಲಾಗಿ ಜೋಡಿಸುತ್ತಿದ್ದಳು.

ಆಗಸ್ಟ್ 13, ಬುಧವಾರ

ಮಾಳಿಗೆಯ ಕೋಣೆಯಲ್ಲಿ ಏನೋ ಬಿತ್ತು. ಎರಡು ಸಲ. ಬರೆಯುವಂಥದ್ದೇನಿಲ್ಲ.

ಆಗಸ್ಟ್ 17, ಭಾನುವಾರ

ಜುಲೈಕಾ ಬಂದಿದ್ದಳು. ಬರದಿದ್ದರೆ ಒಳ್ಳೆಯದಿತ್ತು. ಒಂದೇ ಬೆಂಚಿನಲ್ಲಿ ಕೂತು ಕಲಿತವರು ನಾವು, ಶಾಲೆಯ ತ್ರೋಬಾಲ್ ಟೀಮಿನಲ್ಲೂ ಒಟ್ಟಿಗೆ. ಅವಳದ್ದು ಹಿಂದಿನ ಬೀದಿಯ ಮನೆ. ಅವಳ ಗಂಡನೂ ಮಕ್ಕಳೂ ಸೌದಿಯ ದಮ್ಮಾಮಿನಲ್ಲಿ. ಅವಳು ಮಾತ್ರ, ಇಲ್ಲಿಯ ಮೀನು ಬಿಟ್ಟು ಬರುವುದಿಲ್ಲ ಎಂದು ಇಲ್ಲೇ ಕೂತಿದ್ದಾಳೆ.

ಚಹಾ ಕುಡಿದು, ಲೋಟ ಕೆಳಗಿಟ್ಟು, "ರಾಜಿ, ನಿನ್ನ ಸೊಸೆಯ ಕುತ್ತಿಗೆ ನೋಡಿದ್ದೀಯಾ?" ಎಂದಳು.

"ಏನುಂಟು ಕುತ್ತಿಗೆಯಲ್ಲಿ?"

"ಬೆರಳುಂಟು. ಐದೂ ಬೆರಳು ಅಚ್ಚು ಬಿದ್ದಿದೆ."

"ಬೇರೆಯವರ ಮನೆಯ ಒಲೆಯಲ್ಲಿ ಏನು ಬೇಯ್ತದೆ ಅಂತ ನೋಡ್ಲಿಕ್ಕೆ ಬಂದದ್ದಾ ನೀನು?"

"ಬೇಯುವುದು ಅಲ್ಲ ಮಾರಾಯ್ತಿ, ಹೊತ್ತಿ ಉರಿಯುವುದು. ವಾಸನೆ ನಮ್ಮ ಮನೆಗೆ ಬರ್ತದೆ. ನಿನ್ನಪ್ಪ ನಿನ್ನಮ್ಮನ ಕೈ ಮುರಿದ ದಿನ ಎಣ್ಣೆ ಹಚ್ಚಿ, ಬಿದಿರಿನ ಚಕ್ಕೆ ಇಟ್ಟು ಕಟ್ಟಿದ್ದು ಯಾರು? ನನ್ನ ಉಮ್ಮ. ನೀನು ಲಾಟೀನು ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದೆ. ನೆನಪಿಲ್ವಾ?"

"ನನ್ನ ಅಪ್ಪಯ್ಯನ ಸುದ್ದಿಗೆ ಬರಬೇಡ" ಎಂದು ಎದ್ದು ನಿಂತೆ. ಅವಳೂ ಎದ್ದಳು. ಗೇಟಿನ ಹತ್ತಿರ ತಿರುಗಿ, "ಬರುವುದಿಲ್ಲ. ಆದರೆ ಅವರು ಇನ್ನೂ ಈ ಮನೆ ಬಿಟ್ಟು ಹೋಗಿಲ್ಲ" ಎಂದಳು.

ನೆನಪಿಲ್ಲದೆ ಏನು? ಆ ದಿನ ಸೌದೆ ಒದ್ದೆಯಿತ್ತು. ಒಲೆ ಹತ್ತಲಿಲ್ಲ. ಅಮ್ಮ ಊದಿ ಊದಿ ಅನ್ನ ಬೇಯಿಸಿ ಬಡಿಸುವಾಗ ಸೂರ್ಯ ಮುಳುಗಿಬಿಟ್ಟಿದ್ದ. ಮುಳುಗಿದ ಮೇಲೆ ಅಪ್ಪಯ್ಯ ಉಣ್ಣುವ ಹಾಗಿಲ್ಲ. ದೀಪಕ್ಕೆ ಬರುವ ಹುಳಗಳು ಅನ್ನಕ್ಕೆ ಬಿದ್ದು ಸತ್ತಾವು ಎಂದಲ್ಲವೇ ಈ ನಿಯಮ? ಅವರು ಎಲೆಯ ಮುಂದಿನಿಂದ ಎದ್ದು, ಮೂಲೆಯಲ್ಲಿದ್ದ ಕೊಡೆ ತಂದು, ಅದರ ಹಿಡಿಯಿಂದ ಅಮ್ಮನ ಮುಂಗೈಗೆ ಹೊಡೆದರು. ಹಸಿ ಕೋಲು ಮುರಿದ ಹಾಗೆ ಸದ್ದಾಯಿತು. ಅಮ್ಮ ಕೂಗಲಿಲ್ಲ. ಕೂಗಿದರೆ ಇನ್ನೊಂದು ಬೀಳುತ್ತಿತ್ತು.

ಧರಣೇಂದ್ರ ಮಾವ, ಅಮ್ಮನ ಅಣ್ಣ, ಮನೆಯ ಯಜಮಾನರು, ಅಲ್ಲೇ ಕೂತಿದ್ದರು. ಒಂದು ಮಾತು ಹೇಳಿದ್ದರೆ ಅಪ್ಪಯ್ಯ ಗಂಟು ಕಟ್ಟಿ ಅಳದಂಗಡಿಗೆ ಹೋಗಬೇಕಾಗುತ್ತಿತ್ತು. ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚಿದರು. ಬಾವನ ಮರ್ಯಾದೆ ದೊಡ್ಡದು.

ಇದನ್ನೆಲ್ಲ ಯಾಕೆ ಬರೆದೆನೋ. ಜುಲೈಕಾಳಿಗೆ ಬಾಯಿ ಜಾಸ್ತಿಯಾಗಿದೆ.

ಆಗಸ್ಟ್ 24, ಭಾನುವಾರ

ಇಂದು ಮೈನಾಳಿಗೆ ಹೊಡೆದೆ. ಹೊಡೆಯಲೇಬೇಕಿತ್ತು.

ಹಿತ್ತಿಲಿನ ಮೆಟ್ಟಿಲಿನಲ್ಲಿ ಕೂತಿದ್ದಳು. ಏನೋ ಆಟ ಎಂದುಕೊಂಡೆ. ಹತ್ತಿರ ಹೋದರೆ ಮೆಟ್ಟಿಲ ಮೇಲೆ ಇರುವೆ ಸಾಲು. ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತುತ್ತಿದ್ದಳು. ಒತ್ತುವಾಗ ಮೆಲ್ಲಗೆ ಹೇಳುತ್ತಿದ್ದಳು: "ಬಾಯಿ ಮುಚ್ಚು. ಮುಚ್ಚುತ್ತೀಯಾ ಇಲ್ವಾ? ನಿನಗೆ ಎಷ್ಟು ಸಲ ಹೇಳಬೇಕು?" ಪುನಃ ಒತ್ತು. "ಅಳಬೇಡ. ಅತ್ತರೆ ಇನ್ನೂ ಬೀಳ್ತದೆ."

ಶ್ರೇಯಾಂಸನದೇ ಧಾಟಿ. ಮಾತಿನ ಕೊನೆಯಲ್ಲಿ ಸ್ವರ ಇಳಿಸುವುದು ಕೂಡ ಹಾಗೆಯೇ.

ನನಗೆ ಮೈಯೆಲ್ಲ ಉರಿಯಿತು. ಈ ಮನೆಯಲ್ಲಿ ಇರುವೆ ಬಂದರೆ ಅರಿಶಿನದ ಗೆರೆ ಎಳೆದು ದಾರಿ ತಿರುಗಿಸುತ್ತೇವೆ, ಗುಡಿಸುವಾಗಲೂ ನೋಡಿ ಗುಡಿಸುತ್ತೇವೆ. ಎಲ್ಲಿಂದ ಬಂತು ಇವಳಿಗೆ ಈ ಬುದ್ಧಿ? ಕೈ ಹಿಡಿದು ಎಬ್ಬಿಸಿ, ತೊಡೆಗೆ ಎರಡು ಬಾರಿಸಿದೆ. ಬೆನ್ನಿಗೂ ಒಂದು. "ಜೀವ ಅಲ್ವಾ ಅದು? ಅದಕ್ಕೆ ನೋವಾಗುವುದಿಲ್ವಾ?"

ಹುಡುಗಿ ಅಳಲಿಲ್ಲ. ಕಣ್ಣು ಮುಚ್ಚಿ, ಹೆಗಲು ಕಿವಿಯವರೆಗೆ ಏರಿಸಿ, ಮುಂದಿನ ಪೆಟ್ಟಿಗೆ ಕಾದು ನಿಂತಳು. ಅಷ್ಟು ಚೆನ್ನಾಗಿ ನಿಲ್ಲಲು ಯಾರು ಕಲಿಸಿದರೋ.

ಆಗಸ್ಟ್ 25, ಸೋಮವಾರ

ಶಾಲೆಗೆ ಹೊರಡುವಾಗ ಬೂಟು ಕಟ್ಟಿಸಿಕೊಳ್ಳುತ್ತಾ ಮೈನಾ ಕೇಳಿದಳು: "ಅಜ್ಜಿ, ಇರುವೆಗೆ ನೋವಾಗ್ತದೆ ಅಂತ ನನಗೆ ಹೊಡೆದದ್ದಲ್ವಾ?"

"ಹೌದು."

"ಮತ್ತೆ ಅಮ್ಮ ಯಾರಿಗೆ ನೋವು ಮಾಡಿದ್ದು?"

ಬಸ್ ಬಂತು. ಉತ್ತರ ಕೊಡುವುದು ತಪ್ಪಿತು.

ಆಗಸ್ಟ್ 28, ಗುರುವಾರ

ದಶಲಕ್ಷಣ ಪರ್ವ ಇಂದಿನಿಂದ, ಹತ್ತು ದಿನ. ಮೊದಲ ದಿನ ಉತ್ತಮ ಕ್ಷಮೆಗೆ ಮೀಸಲು. ಬಸದಿಯಲ್ಲಿ ಜನ ತುಂಬಿತ್ತು. ಶ್ರೇಯಾಂಸ್ ಈ ಸಲ ಪರ್ವ ಮುಗಿಯುವ ತನಕ ದಿನಕ್ಕೆ ಒಂದೇ ಊಟದ ವ್ರತ ಹಿಡಿದಿದ್ದಾನೆ. ಬಿಳಿ ಪಂಚೆ ಉಟ್ಟು ಅಭಿಷೇಕಕ್ಕೆ ನಿಂತವನನ್ನು ನೋಡಿ ಪಕ್ಕದಲ್ಲಿದ್ದವರು, "ಎಂಥ ಮಗನನ್ನು ಹೆತ್ತಿದ್ದೀರಿ ರಾಜಮತಿಯಮ್ಮ" ಎಂದರು. ನಾನು ತಲೆಯಾಡಿಸಿದೆ. ಸೊಸೆ ತ್ರಿಶಾ ಉದ್ದ ತೋಳಿನ ರವಿಕೆ ಹಾಕಿಕೊಂಡು ಬಂದಿದ್ದಳು. ಸೆಕೆಗೆ ಬೆವರುತ್ತಿದ್ದಳು.

ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ಅಂದು ಎಲ್ಲರೂ ಎಲ್ಲರ ಕ್ಷಮೆ ಕೇಳಬೇಕು, ಕೇಳಿದವರಿಗೆ ಕೊಡಬೇಕು. ಚಿಕ್ಕವಳಿದ್ದಾಗ ನನಗೆ ಯಾವ ಹಬ್ಬಕ್ಕಿಂತಲೂ ಅದೇ ಇಷ್ಟವಾಗಿತ್ತು. ಅಂದು ಅಪ್ಪಯ್ಯ ಮನೆಯವರೆಲ್ಲರನ್ನೂ ಜಗಲಿಯಲ್ಲಿ ಸೇರಿಸಿ, ಅಮ್ಮನ ಮುಂದೆ ಕೈಮುಗಿದು, "ಮನಸ್ಸಿನಿಂದ, ಮಾತಿನಿಂದ, ಮೈಯಿಂದ ನಿನಗೆ ನೋವು ಮಾಡಿದ್ದರೆ ಕ್ಷಮಿಸು" ಎನ್ನುತ್ತಿದ್ದ. ಕಣ್ಣಲ್ಲಿ ನೀರು ಕೂಡ ಬರುತ್ತಿತ್ತು. ಅಮ್ಮ, "ಕ್ಷಮಿಸಿದ್ದೇನೆ" ಎನ್ನುತ್ತಿದ್ದಳು. ಬೇರೆ ಉತ್ತರ ಆ ದಿನಕ್ಕೆ ಇಲ್ಲ. ಧರಣೇಂದ್ರ ಮಾವ ಮೂಗು ಒರೆಸಿಕೊಳ್ಳುತ್ತಿದ್ದರು. ಆಮೇಲೆ ಪಾಯಸ.

ಮರುದಿನದಿಂದ ಲೆಕ್ಕ ಹೊಸದು. ಹಳೆಯದನ್ನು ಅಮ್ಮ ಎತ್ತುವ ಹಾಗಿಲ್ಲ, ಕ್ಷಮಿಸಿ ಆಗಿದೆಯಲ್ಲ. ಕೈ ಮುರಿದದ್ದೂ ಹಾಗೆಯೇ ತೊಳೆದುಹೋಯಿತು. ಕೈ ಮಾತ್ರ ಸೊಟ್ಟಗೇ ಉಳಿಯಿತು. ಆ ಕೈಯಲ್ಲೇ ಸಾಯುವ ತನಕ ಅವನಿಗೆ ಬಡಿಸಿದಳು.

ಸೆಪ್ಟೆಂಬರ್ 2, ಮಂಗಳವಾರ

ಇಂದು ಅಕ್ಷರ ಹೇಗೆ ಬಂದರೆ ಹಾಗೆ.

ಮಧ್ಯಾಹ್ನ ಶ್ರೇಯಾಂಸ್ ಅಂಗಡಿಯಿಂದ ಬಂದು, ಸ್ನಾನ ಮಾಡಿ ಊಟಕ್ಕೆ ಕೂತ. ಎರಡನೇ ತುತ್ತಿಗೆ ನಿಲ್ಲಿಸಿದ. ಬೆಲ್ಲ ಹಾಕಿದ ಪಲ್ಯದಲ್ಲಿ ಒಂದು ಇರುವೆ, ಸತ್ತದ್ದು. ವ್ರತದಲ್ಲಿದ್ದವರ ಅನ್ನದಲ್ಲಿ ಸತ್ತ ಜೀವಿ ಕಂಡರೆ ಅಲ್ಲಿಗೇ ಊಟ ಬಿಡಬೇಕು, ಅಂತರಾಯ ಎನ್ನುತ್ತೇವೆ. ನಾಳೆಯ ತನಕ ಇನ್ನು ಅವನಿಗೆ ಅನ್ನವಿಲ್ಲ.

ಅವನು ಮೆಲ್ಲಗೆ ಕೈ ತೊಳೆದ. ಇರುವೆಯನ್ನು ಬಾಳೆಎಲೆಯ ಚೂರಿನಲ್ಲಿ ಎತ್ತಿ ತುಳಸಿ ಬುಡದಲ್ಲಿಟ್ಟು ಬಂದ. ಆಮೇಲೆ ತ್ರಿಶಾಳ ಜಡೆ ಹಿಡಿದ.

ಅಡುಗೆಮನೆಯಿಂದ ಚಾವಡಿಯವರೆಗೆ ಎಳೆದುಕೊಂಡು ಬಂದ. ಹಲಸಿನ ಮರದ ಕಂಬ, ನನ್ನ ಅಜ್ಜಿಯ ಕಾಲದ್ದು. ಅದಕ್ಕೆ ಅವಳ ತಲೆ ಹೊಡೆದ. "ಒಂದು ಜೀವ ಹೋಯ್ತಲ್ಲ ನಿನ್ನಿಂದ! ಒಂದು ಜೀವ!" ಎನ್ನುತ್ತಾ ಪುನಃ ಹೊಡೆದ. ಕಂಬದ ಕೆತ್ತನೆಯ ಹೂವಿನಲ್ಲಿ ರಕ್ತ ಇಳಿಯಿತು. ಅವಳು ಕೂಗಲಿಲ್ಲ. ಅಮ್ಮನೂ ಕೂಗುತ್ತಿರಲಿಲ್ಲ.

ಮೈನಾ ಎಲ್ಲಿ ಎಂದು ನೋಡಿದೆ. ಶಾಲೆಗೆ ರಜೆ ಇತ್ತು. ಹಳೆಯ ಪತ್ತಾಯದ ಹಿಂದೆ, ಗೋಡೆಗೆ ಒತ್ತಿಕೊಂಡು ಕೂತಿದ್ದಳು. ನಾನು ಕೂರುತ್ತಿದ್ದ ಜಾಗದಲ್ಲೇ. ಆ ಜಾಗವನ್ನು ನಾನು ಅವಳಿಗೆ ತೋರಿಸಿದವಳಲ್ಲ.

ಮೊಳೆಯಲ್ಲಿ ನೇತುಹಾಕಿದ್ದ ವಿಸಲ್ ನನ್ನ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಎದೆಯಲ್ಲಿದ್ದ ಉಸಿರೆಲ್ಲ ಹಾಕಿ ಊದಿದೆ. ಶ್ರೇಯಾಂಸ್ ನನ್ನ ಶಾಲೆಯಲ್ಲೇ ಕಲಿತವನು. ಒಂದು ಕ್ಷಣ ಕೈ ಬಿಟ್ಟು, ನೆಟ್ಟಗೆ ನಿಂತ. ಆ ಒಂದು ಕ್ಷಣದಲ್ಲಿ ನಾನು ನೀರಿನ ಹಿತ್ತಾಳೆ ಚೊಂಬು ಎತ್ತಿ ಅವನ ಮೊಣಕೈಗೆ ಹೊಡೆದೆ. ಇನ್ನೊಂದು ಹೆಗಲಿಗೆ. ಮೂರನೆಯದು ಎಲ್ಲಿಗೆ ಬಿತ್ತೋ. ಅವನು ನನ್ನ ಮೇಲೆ ಕೈ ಎತ್ತಿದ. ಎತ್ತಿದವನ ಮುಖ ಜಯವರ್ಮನದ್ದು.

"ಹೊಡಿ" ಎಂದೆ. "ನಿನ್ನ ಅಜ್ಜ ನನಗೆ ಹೊಡೆದದ್ದು ಸಾಕಾಗ್ಲಿಲ್ಲ, ನೀನೂ ಹೊಡಿ. ಹೊಡೆದು ಈ ಮನೆಯಿಂದ ಹೊರಗೆ ನಡಿ."

"ಅಮ್ಮ, ಅವಳಿಗೋಸ್ಕರ ನನ್ನನ್ನು..."

"ಹೊರಗೆ."

ಅಷ್ಟರಲ್ಲಿ ವಿಸಲ್ ಕೇಳಿ ಜುಲೈಕಾ ಹಿಂಬಾಗಿಲಿನಿಂದ ಓಡಿಬಂದಿದ್ದಳು. ಅವಳ ತಮ್ಮ ಅಬ್ದುಲ್ ಶುಕೂರನ ಆಟೊ ಎದುರಿಗೆ ಬಂದು ನಿಂತಿತು. ಶ್ರೇಯಾಂಸ್ ಮೊಣಕೈ ಹಿಡಿದುಕೊಂಡು ಅವರ ನಡುವಿನಿಂದಲೇ ಇಳಿದುಹೋದ. ಅಂಗಳದಲ್ಲಿ ಇರುವೆ ಸಾಲು ಇತ್ತು. ಅದನ್ನು ತುಳಿಯದೆ ದಾಟಿಯೇ ಹೋದ.

ಆಸ್ಪತ್ರೆಯಲ್ಲಿ ಚಿಕ್ಕ ಪ್ರಾಯದ ಡಾಕ್ಟರಮ್ಮ ಹೊಲಿಗೆ ಹಾಕುತ್ತಾ, "ಹೇಗಾಯ್ತು ಇದು?" ಎಂದು ಕೇಳಿದರು. ತ್ರಿಶಾ ನನ್ನ ಮುಖ ನೋಡಿದಳು. ಏನು ಹೇಳಬೇಕು ಎಂದು ನನ್ನನ್ನು ಕೇಳುವ ನೋಟ. ಇಷ್ಟು ದಿನವೂ ಹಾಗೆಯೇ ನೋಡುತ್ತಿದ್ದಳು, ಈಗ ತಿಳಿಯುತ್ತಿದೆ.

"ಬಚ್ಚಲಲ್ಲಿ ಜಾರಿ..." ಎಂದು ಶುರು ಮಾಡಿದಳು.

"ಜಾರಿದ್ದಲ್ಲ ಡಾಕ್ಟ್ರೇ, ನನ್ನ ಮಗ ಹೊಡೆದದ್ದು" ಎಂದೆ. "ಹಾಗೇ ಬರೆಯಿರಿ."

ತ್ರಿಶಾ ಆಗ ಅತ್ತಳು. ಹೊಲಿಗೆ ಹಾಕುವಾಗ ಅಳದವಳು.

ಸೆಪ್ಟೆಂಬರ್ 3, ಬುಧವಾರ

ತ್ರಿಶಾ ಠಾಣೆಯಲ್ಲಿ ದೂರು ಕೊಟ್ಟಳು. ಜುಲೈಕಾ ಪಕ್ಕದಲ್ಲಿ ಕೂತಿದ್ದಳು. ಅವನು ಪುಂಜಾಲಕಟ್ಟೆಯ ಗೋಡೌನಿನಲ್ಲಿ ಇದ್ದಾನಂತೆ. ಕೈಗೆ ಪಟ್ಟಿ ಕಟ್ಟಿದ್ದಾರಂತೆ.

ಒಂದು ಮಾತು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ. ಚೊಂಬಿನಿಂದ ಹೊಡೆಯುವಾಗ ನನ್ನ ಕೈಗೆ ಹಿತವಾಗಿತ್ತು. ಮೊದಲನೆಯ ಪೆಟ್ಟು ತ್ರಿಶಾಳನ್ನು ಬಿಡಿಸಲು. ಮೂರನೆಯದು ಯಾರನ್ನು ಬಿಡಿಸಲೂ ಅಲ್ಲ. ಜಯವರ್ಮನಿಗೂ ಹೀಗೆಯೇ ಹಿತವಾಗುತ್ತಿತ್ತೇ? ಬೆಳಿಗ್ಗೆ ಮೈನಾಳ ತಲೆ ಬಾಚಲು ಕೈ ಎತ್ತಿದೆ. ಹುಡುಗಿ ಕಣ್ಣು ಮುಚ್ಚಿ, ಹೆಗಲು ಏರಿಸಿದಳು. ಬಾಚಣಿಗೆಯನ್ನು ಅವಳ ಕೈಗೇ ಕೊಟ್ಟೆ.

ಸೆಪ್ಟೆಂಬರ್ 5, ಶುಕ್ರವಾರ

ಬೀದಿಯ ಹಿರಿಯರು ಬಂದಿದ್ದರು. ಮೂರು ಮಂದಿ, ಬಿಳಿ ಶಾಲು ಹೊದ್ದು. ಪಾನಕ ಕೊಟ್ಟೆ.

"ರಾಜಮತಿಯಮ್ಮ, ಪರ್ವದ ಕಾಲ. ಹುಡುಗ ಪಶ್ಚಾತ್ತಾಪ ಪಡ್ತಾ ಇದ್ದಾನೆ. ವ್ರತ ಬಿಟ್ಟಿಲ್ಲ" ಎಂದರು ದೊಡ್ಡವರು.

"ಬಿಡುವುದು ಬೇಡ. ಆರೋಗ್ಯಕ್ಕೆ ಒಳ್ಳೆಯದು."

"ತಮಾಷೆ ಅಲ್ಲ ಇದು. ಸೋಮವಾರ ಕ್ಷಮಾವಣಿ. ಅವನು ಬರ್ತಾನೆ, ಎಲ್ಲರ ಎದುರು ಕೈ ಮುಗೀತಾನೆ. ನೀವು ಒಳಗೆ ಕರೆದುಕೊಳ್ಳಿ. ಸೊಸೆಗೆ ಹೇಳಿ ಆ ದೂರನ್ನು ಹಿಂದೆ ತೆಗೆಸುವ. ಅಲ್ಲಿಗೆ ಮುಗೀತು. ಮಗನನ್ನು ಹೊರಗೆ ಹಾಕಿದ ತಾಯಿ ಅಂತ ಹೆಸರು ಬೇಕಾ ನಿಮಗೆ?"

"ಮನೆ ನನ್ನದು" ಎಂದೆ. "ನನ್ನ ಅಮ್ಮನದ್ದು, ಅಜ್ಜಿಯದ್ದು. ನನ್ನ ನಂತರ ಮೈನಾಳಿಗೇ ಬರೆದಿಡ್ತೇನೆ. ಗಂಡಸರು ಇಲ್ಲಿ ನೆಂಟರು."

"ಮನೆ ನಿಮ್ಮದೇ, ಯಾರು ಇಲ್ಲ ಅಂದದ್ದು? ಆದರೆ ಕ್ಷಮೆ ಕೇಳಿದವನಿಗೆ ಇಲ್ಲ ಅಂದರೆ ಧರ್ಮ ಯಾರದ್ದು?"

ಕ್ಷಮಾವಣಿಯ ದಿನ ಇಲ್ಲ ಎಂದವರನ್ನು ನಾನು ಈ ಪ್ರಾಯದವರೆಗೆ ಕಂಡಿಲ್ಲ.

ಸೆಪ್ಟೆಂಬರ್ 7, ಭಾನುವಾರ

ನಾಳೆ ಬರುತ್ತಾನೆ. ಹೆತ್ತ ಹೊಟ್ಟೆ. ಬೆಳಿಗ್ಗೆಯಿಂದ ಅವನಿಗೆ ಪ್ರಿಯವಾದ ಹೆಸರುಬೇಳೆ ಪಾಯಸದ ನೆನಪೇ ಬರುತ್ತಿದೆ. ಹೆಸರುಬೇಳೆ ಹುರಿದೂ ಇಟ್ಟೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂದು ಡಬ್ಬಿ ಮುಚ್ಚಿದೆ.

ತ್ರಿಶಾಳನ್ನು ಕೇಳಿದೆ, "ನೀನು ಏನು ಹೇಳ್ತೀ?"

"ನೀವು ಹೇಳಿದ ಹಾಗೆ ಮಾಮಿ" ಎಂದಳು. ಹಣೆಯ ಪಟ್ಟಿಯ ಕೆಳಗೆ ಕಣ್ಣು ಇನ್ನೂ ಊದಿತ್ತು. ಆಮೇಲೆ ಮೆಲ್ಲಗೆ ಹೇಳಿದಳು, "ಕ್ಷಮಿಸಿ ಕ್ಷಮಿಸಿ ನನಗೆ ಸಾಕಾಗಿದೆ. ಹೋದ ವರ್ಷವೂ ಕೇಳಿದ್ದರು. ಅದರ ಹಿಂದಿನ ವರ್ಷವೂ. ಮತ್ತೆ ಇಲ್ಲಿ ಮಲಗಿದರೆ ನಾನು ಉಳಿಯುವುದಿಲ್ಲ."

ಅಮ್ಮನೂ ಯಾರಿಗಾದರೂ ಹೀಗೆ ಹೇಳಿದ್ದಿರಬಹುದು. ಕೇಳಿದವರು ವೀಳ್ಯದೆಲೆಗೆ ಸುಣ್ಣ ಹಚ್ಚಿರಬಹುದು.

ಸೆಪ್ಟೆಂಬರ್ 8, ಸೋಮವಾರ

ಬೆಳಿಗ್ಗೆ ಸ್ನಾನ ಮಾಡಿ ಮೊದಲು ಮೈನಾಳ ಹತ್ತಿರ ಹೋದೆ. ಹಿತ್ತಿಲಿನ ಮೆಟ್ಟಿಲಿನಲ್ಲಿ ಕೂತಿದ್ದಳು. ನಾನೂ ಕೆಳಗಿನ ಮೆಟ್ಟಿಲಿನಲ್ಲಿ ಕೂತು ಕೈ ಮುಗಿದೆ. ಮಂಡಿ ಕಟಕಟ ಎಂದಿತು.

"ಮೈನಾ, ನಾನು ನಿನಗೆ ಹೊಡೆದದ್ದು ತಪ್ಪು. ಕ್ಷಮಿಸ್ತೀಯಾ?"

ಹುಡುಗಿ ನನ್ನನ್ನು ನೋಡಿದಳು. ನನ್ನ ಕೈಯನ್ನು ನೋಡಿದಳು. ಬೆರಳು ಬಾಯಿಂದ ತೆಗೆದಳು.

"ಇವತ್ತು ಇಲ್ಲ" ಎಂದಳು.

"ಮತ್ತೆ ಯಾವಾಗ?"

"ನೀವು ಇನ್ನು ಹೊಡಿಲಿಕ್ಕಿಲ್ಲ ಅಂತ ನನಗೆ ಗೊತ್ತಾದ ಮೇಲೆ."

"ಆಯ್ತು, ಕಾಯ್ತೇನೆ" ಎಂದು ಎದ್ದೆ. ಕ್ಷಮಾವಣಿಯ ದಿನ ಹೀಗೂ ಹೇಳಬಹುದೆಂದು ಮೂರು ತಲೆಮಾರಿನ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬೆರಳು ಚೀಪುವುದನ್ನು ಬಿಡಿಸಬೇಕೆಂದಿದ್ದೆ. ಇರಲಿ, ತಾನಾಗಿಯೇ ಬಿಡುತ್ತಾಳೆ.

ಬಸದಿಯ ಪೂಜೆ ಮುಗಿಸಿಕೊಂಡು ಅವರೆಲ್ಲ ಬಂದರು. ಮೂವರು ಹಿರಿಯರು, ಬೀದಿಯ ಹತ್ತಾರು ಮಂದಿ, ನಡುವೆ ಶ್ರೇಯಾಂಸ್. ಬಿಳಿ ಪಂಚೆ, ಕೈಗೆ ಪಟ್ಟಿ. ಸೊರಗಿದ್ದ. ನಾನು ಹೊಸ್ತಿಲಿನಲ್ಲಿ ನಿಂತೆ. ತ್ರಿಶಾ ನನ್ನ ಹಿಂದೆ, ಮೈನಾ ಅವಳ ಹಿಂದೆ.

ಅವನು ಮೆಟ್ಟಿಲ ಕೆಳಗೆ ನಿಂತು ಕೈಮುಗಿದ. "ಮನಸ್ಸಿನಿಂದ, ಮಾತಿನಿಂದ, ಮೈಯಿಂದ..." ಎಂದು ಪೂರ್ತಿ ಹೇಳಿದ. ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ, ಅದು ನನಗೆ ಗೊತ್ತು. ಜಯವರ್ಮನದ್ದೂ ಸುಳ್ಳಾಗಿರಲಿಲ್ಲ. ಇಳಿದು ಹೋಗಿ ಅವನ ತಲೆ ನೇವರಿಸಬೇಕೆಂದು ಕಾಲು ಮುಂದೆ ಹೋಯಿತು. ಹೊಸ್ತಿಲು ಹಿಡಿದುಕೊಂಡೆ.

"ಶ್ರೇಯಾಂಸ್, ನಾನೂ ನಿನಗೆ ಹೊಡೆದೆ. ಬಿಡಿಸಲಿಕ್ಕೆ ಒಂದು ಸಾಕಿತ್ತು. ಅದಕ್ಕೆ ನಾನೂ ನಿನ್ನ ಕ್ಷಮೆ ಕೇಳ್ತೇನೆ" ಎಂದೆ.

ಹಿರಿಯರ ಮುಖ ಅರಳಿತು. ಅವನು ಮೊದಲ ಮೆಟ್ಟಿಲಿಗೆ ಕಾಲಿಟ್ಟ.

"ನಿನಗೆ ಮಾತ್ರ ಇವತ್ತು ಇಲ್ಲ" ಎಂದೆ. "ನೀನು ಇನ್ನು ಹೊಡಿಲಿಕ್ಕಿಲ್ಲ ಅಂತ ಗೊತ್ತಾದ ಮೇಲೆ. ಅದು ನನಗೆ ಗೊತ್ತಾದರೆ ಸಾಲದು. ತ್ರಿಶಾಳಿಗೆ ಗೊತ್ತಾಗಬೇಕು. ಮೈನಾಳಿಗೆ ಗೊತ್ತಾಗಬೇಕು. ಅಲ್ಲಿಯವರೆಗೆ ದೂರು ಇರ್ತದೆ, ನೀನು ಹೊರಗೆ ಇರ್ತೀ."

"ಕ್ಷಮಾವಣಿಯ ದಿನ ಇಂಥ ಮಾತಾ?" ಎಂದರು ದೊಡ್ಡವರು.

"ಈ ದಿನವೇ ಹೇಳಬೇಕಾದ ಮಾತು. ನಮ್ಮ ಅಮ್ಮ ಹೇಳಬೇಕಿತ್ತು. ಹೇಳಲಿಕ್ಕೆ ಯಾರೂ ಬಿಡಲಿಲ್ಲ."

ಶ್ರೇಯಾಂಸ್ ಹೆಂಡತಿಯ ಕಡೆ ನೋಡಿದ. ಅವನ ದವಡೆ ಬಿಗಿಯಿತು. ಕಣ್ಣೀರು ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಆ ಹಳೆಯ ನೋಟ ಬಂತು. ಎಲ್ಲರೂ ನೋಡಿದರು. ದೊಡ್ಡವರು ಶಾಲು ಸರಿಮಾಡಿಕೊಂಡು ನೆಲ ನೋಡಿದರು. ತ್ರಿಶಾ ನನ್ನ ಪಕ್ಕದಿಂದ ಮುಂದೆ ಬಂದು ಬಾಗಿಲಿನ ಎರಡೂ ರೆಕ್ಕೆಗಳನ್ನು ಎಳೆದು, ಚಿಲಕ ಹಾಕಿದಳು. ನಾನು ಹೇಳಿರಲಿಲ್ಲ.

ಒಳಗೆ ಬಂದು ಕಂಬಕ್ಕೆ ಒರಗಿ ಅತ್ತೆ. ಮಗ ಅವನು, ಅಳದೆ ಏನು ಮಾಡಲಿ? ಜುಲೈಕಾ ಹಿಂಬಾಗಿಲಿನಿಂದ ಬಂದು ಪಕ್ಕದಲ್ಲಿ ಕೂತಳು. ಅವಳು ಮಾತಾಡದೆ ಕೂತದ್ದನ್ನು ಇದೇ ಮೊದಲು ಕಂಡದ್ದು.

ಸೂರ್ಯ ಮುಳುಗುವ ಮೊದಲು ನಾವು ಮೂವರೂ ಉಂಡೆವು. ಹುರಿದಿಟ್ಟ ಹೆಸರುಬೇಳೆಯನ್ನು ತ್ರಿಶಾ ಪಾಯಸ ಮಾಡಿದ್ದಳು. ಬಡಿಸುವಾಗ ಸೌಟು ಕೈಜಾರಿ ನೆಲಕ್ಕೆ ಬಿದ್ದು ಠಣ್ ಎಂದಿತು. ಮೂವರೂ ಒಟ್ಟಿಗೆ ಹೆಗಲು ಏರಿಸಿದೆವು. ಆಮೇಲೆ ಮೈನಾ ನಮ್ಮಿಬ್ಬರ ಮುಖ ನೋಡಿ ನಕ್ಕಳು.

ಉಂಡ ಮೇಲೆ ಮಲಗುವ ತನಕ ಇನ್ನೂ ತುಂಬಾ ಹೊತ್ತು ಉಂಟು. ಇಬ್ಬರೂ ಜಗಲಿಯಲ್ಲಿ ಚೆನ್ನೆಮಣೆ ಆಡುತ್ತಿದ್ದಾರೆ. ಮೈನಾ ಮೋಸ ಮಾಡುತ್ತಿದ್ದಾಳೆ, ತ್ರಿಶಾ ಗದರುತ್ತಿದ್ದಾಳೆ, ಸ್ವರ ಬೀದಿಯವರೆಗೆ ಕೇಳುತ್ತದೆ. ಕೇಳಲಿ.